ಚುಕ್ಕೆಗಳು ಎಡಕ್ಕೋ ಬಲಕ್ಕೋ: ನರಕೋಶಗಳ ಗುಂಪು ತೀರ್ಮಾನಕ್ಕೆ ಬರುವ ಲೆಕ್ಕ

ಹಳೇ ಟಿವಿಯಲ್ಲಿ ಆಂಟೆನಾ ಸರಿದಾಗ ಪರದೆ ತುಂಬ ಇರುವೆ ಹರಿದಾಡಿದ ಹಾಗೆ ಕಾಣುತ್ತಿತ್ತಲ್ಲ, ಅದನ್ನು ಒಂದು ಸಣ್ಣ ವೃತ್ತದೊಳಗೆ ಹಿಡಿದಿಟ್ಟ ಹಾಗಿದೆ ಈ ಪ್ರಯೋಗದ ಚಿತ್ರ. ಕಪ್ಪು ಹಿನ್ನೆಲೆ, ಮಿಣುಕುವ ಬಿಳಿ ಚುಕ್ಕೆಗಳು. ನೂರರಲ್ಲಿ ಆರೋ ಹನ್ನೆರಡೋ ಚುಕ್ಕೆ ಒಂದೇ ದಿಕ್ಕಿಗೆ ಜರುಗುತ್ತವೆ, ಉಳಿದವು ಎಲ್ಲೆಂದರಲ್ಲಿ ಮೂಡಿ ಮಾಯವಾಗುತ್ತವೆ. ಎದುರು ಕೂತ ಕೋತಿಗೆ ಕೆಲಸ ಒಂದೇ: ಹರಿವು ಎಡಕ್ಕೋ ಬಲಕ್ಕೋ ನೋಡಿ, ಆ ಬದಿಯ ಗುರಿಯತ್ತ ಕಣ್ಣು ಹೊರಳಿಸುವುದು. ಸರಿಯಾದರೆ ಒಂದು ಗುಟುಕು ಹಣ್ಣಿನ ರಸ.

ಮೆದುಳು ಹೇಗೆ ತೀರ್ಮಾನ ಮಾಡುತ್ತದೆ ಎನ್ನುವುದರ ಬಗ್ಗೆ ಗಟ್ಟಿಯಾಗಿ ಗೊತ್ತಿರುವುದರಲ್ಲಿ ದೊಡ್ಡ ಪಾಲು ಈ ಬೋರು ಹೊಡೆಸುವ ಆಟದಿಂದಲೇ ಬಂದದ್ದು. ಸೈಟು ಕೊಳ್ಳಲೋ ಬೇಡವೋ ಅನ್ನುವಂಥ ತೀರ್ಮಾನದಲ್ಲಿ ಪುರಾವೆ ಎಷ್ಟು, ಯಾವಾಗ ಬಂತು ಎಂದು ಅಳೆಯಲು ಆಗುವುದಿಲ್ಲ. ಇಲ್ಲಿ ಆಗುತ್ತದೆ. ಒಟ್ಟಾಗಿ ಚಲಿಸುವ ಚುಕ್ಕೆಗಳ ಪಾಲನ್ನು ಕೊಹೆರೆನ್ಸ್ ಅಂತಾರೆ. ರೂಢಿಯ ಮೆಟ್ಟಿಲುಗಳು 0, 3.2, 6.4, 12.8, 25.6, 51.2 ಪ್ರತಿಶತ. ಉತ್ತರ ಬರುವುದು ಕಣ್ಣಿನ ಚಲನೆಯಾಗಿ, ಅದನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಹಿಡಿಯಬಹುದು. ಒಂದೇ ಚುಕ್ಕೆಯ ಬೆನ್ನು ಹತ್ತಿ ಮೋಸ ಮಾಡೋಣ ಎಂದರೆ ಅದಕ್ಕೂ ದಾರಿಯಿಲ್ಲ. 75 ಹರ್ಟ್ಸ್ ಪರದೆಯಲ್ಲಿ ಚುಕ್ಕೆಗಳ ಮೂರು ತಂಡಗಳು ಸರದಿಯ ಮೇಲೆ ಬರುತ್ತವೆ. ಈಗ ಕಂಡ ತಂಡ ಮತ್ತೆ ಕಾಣುವುದು ಮೂರು ಫ್ರೇಮ್ ಕಳೆದು, ಅಂದರೆ 40 ಮಿಲಿಸೆಕೆಂಡ್ ಆದ ಮೇಲೆ. ಆಗ ಯಾವ ಚುಕ್ಕೆ ಸರಿದದ್ದು, ಯಾವುದು ಹೊಸದಾಗಿ ಬಿದ್ದದ್ದು ಎಂಬುದು ಲಾಟರಿ. ಇಡೀ ವೃತ್ತವನ್ನು, ಒಂದಷ್ಟು ಹೊತ್ತು, ನೋಡಲೇಬೇಕು.

ಚಲನೆಯ ಸುದ್ದಿ ತರುವವರು ಯಾರು ಎಂಬುದು ಸುಲಭದ ಭಾಗ. ಮೆದುಳಿನ ಹಿಂಬದಿಯಲ್ಲಿ ಎಂಟಿ ಎಂಬ ಸಣ್ಣ ಪ್ರದೇಶವಿದೆ. ಅಲ್ಲಿನ ಹೆಚ್ಚಿನ ನರಕೋಶಗಳಿಗೆ ತಮ್ಮದೇ ಒಂದು ಮೆಚ್ಚಿನ ದಿಕ್ಕು: ಬಲಕ್ಕೆ ಹರಿದರೆ ಒಂದು ಕೋಶ ಪಟಪಟನೆ ಸ್ಪೈಕ್ (ಕ್ಷಣಮಾತ್ರದ ವಿದ್ಯುತ್ ಮಿಡಿತ) ಹೊಡೆಯುತ್ತದೆ, ಎಡಕ್ಕೆ ಹರಿದರೆ ಸುಮ್ಮನಾಗುತ್ತದೆ. ಸೆಮಿರ್ ಝೆಕಿ 1970ರ ದಶಕದಲ್ಲಿ ಇದನ್ನು ತೋರಿಸಿದರು. ಬ್ರಿಟನ್, ಶ್ಯಾಡ್ಲನ್, ನ್ಯೂಸಮ್, ಮೊವ್ಶನ್ ಸೇರಿ 1992ರಲ್ಲಿ ಪ್ರಕಟಿಸಿದ ಲೆಕ್ಕ ಅದಕ್ಕಿಂತ ಮಜಾ ಇದೆ. ಒಂದೇ ಒಂದು ಎಂಟಿ ಕೋಶದ ಸ್ಪೈಕ್‌ಗಳನ್ನು ಎಣಿಸಿ ನಾವೇ ಎಡ-ಬಲ ಹೇಳಿದರೆ, ಸರಾಸರಿಯಲ್ಲಿ ಆ ಕೋತಿಯಷ್ಟೇ ಸರಿಯಾಗಿ ಹೇಳಬಹುದು. ಕೆಲವು ಕೋಶಗಳು ಕೋತಿಯನ್ನೇ ಹಿಂದೆ ಹಾಕುತ್ತವೆ.

ಹಾಗಾದರೆ ಕೋತಿ ಸಾವಿರಾರು ಕೋಶಗಳನ್ನು ಇಟ್ಟುಕೊಂಡು ಮಾಡುತ್ತಿರುವುದೇನು? ಸ್ವತಂತ್ರವಾದ ನೂರು ಕೋಶಗಳ ಸರಾಸರಿ ತೆಗೆದರೆ ಗದ್ದಲದ ನಡುವೆ ಸಂಕೇತ ಒಂದೇ ಕೋಶದ್ದಕ್ಕಿಂತ ಹತ್ತು ಪಟ್ಟು ಸ್ಪಷ್ಟವಾಗಬೇಕು. ಆಗುವುದಿಲ್ಲ, ಏಕೆಂದರೆ ಆ ಕೋಶಗಳು ಸ್ವತಂತ್ರವಲ್ಲ. ಅಕ್ಕಪಕ್ಕದ ಕೋಶಗಳು ಒಂದೇ ಮೂಲದಿಂದ ಸುದ್ದಿ ಪಡೆಯುವುದರಿಂದ ಒಟ್ಟಿಗೇ ತಪ್ಪುತ್ತವೆ. ಊರ ಕಟ್ಟೆಯ ಮೇಲೆ ಕೂತ ನೂರು ಜನ ಒಂದೇ ಪೇಪರ್ ಓದಿ ಬಂದಿದ್ದರೆ ಅವರನ್ನು ಕೇಳಿದ್ದು ನೂರು ಅಭಿಪ್ರಾಯವಾಗುತ್ತದೆಯೇ? 1994ರಲ್ಲಿ ಝೊಹಾರಿ, ಶ್ಯಾಡ್ಲನ್, ನ್ಯೂಸಮ್ ಅಳೆದಾಗ ಜೋಡಿ ಕೋಶಗಳ ನಡುವಿನ ಈ ಒಡನಾಟ (ಸೊನ್ನೆ ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಜೊತೆಜೊತೆ) ಸರಾಸರಿ 0.12 ಸಿಕ್ಕಿತು. ನೋಡಲು ಪುಟ್ಟ ಸಂಖ್ಯೆ. ಲೆಕ್ಕ ಹಾಕಿ: ಹತ್ತು ಕೋಶ ಕೂಡಿಸಿದರೆ ಲಾಭ 2.2 ಪಟ್ಟು, ನೂರು ಕೂಡಿಸಿದರೆ 2.8 ಪಟ್ಟು, ಕೋಟಿ ಕೂಡಿಸಿದರೂ 2.9 ಪಟ್ಟು. ಅಲ್ಲಿಗೆ ಮುಗಿಯಿತು. (ಎಲ್ಲ ಬಗೆಯ ಒಡನಾಟವೂ ಇಷ್ಟು ಕೆಡುಕಲ್ಲ, ಚಲನೆಯ ಸಂಕೇತದಂತೆಯೇ ವೇಷ ಹಾಕುವ ಗದ್ದಲ ಮಾತ್ರ ತೊಲಗುವುದಿಲ್ಲ ಎಂದು ಮುಂದಿನ ವರ್ಷಗಳ ಗಣಿತ ತಿದ್ದಿತು.) ಕೋಶಗಳನ್ನು ಕೂಡಿಸಿ ಸ್ಪಷ್ಟತೆ ಪಡೆಯುವ ದಾರಿ ಮುಚ್ಚಿದರೆ ಉಳಿಯುವುದು ಕಾಲ. ಈ ಕ್ಷಣದ ಸುದ್ದಿಯನ್ನು ಮುಂದಿನ ಕ್ಷಣದ ಸುದ್ದಿಗೆ ಕೂಡಿಸುತ್ತ ಹೋಗಬೇಕು.

ಎಂಟಿ ಕೋಶಗಳು ಬರೀ ಪ್ರೇಕ್ಷಕರಲ್ಲ ಎಂಬುದಕ್ಕೆ ಸಾಕ್ಷಿ 1990ರಲ್ಲೇ ಬಂದಿತ್ತು. ಸಾಲ್ಜ್‌ಮನ್, ಬ್ರಿಟನ್, ನ್ಯೂಸಮ್ ಒಂದೇ ದಿಕ್ಕು ಮೆಚ್ಚುವ ಕೋಶಗಳ ಗೊಂಚಲಿಗೆ 10 ಮೈಕ್ರೊಆಂಪಿಯರ್ ಕರೆಂಟನ್ನು ಸೆಕೆಂಡಿಗೆ 200 ಸಲ ತಟ್ಟಿಸಿದರು. ಕೋತಿಯ ಉತ್ತರ ಆ ದಿಕ್ಕಿಗೇ ವಾಲಿತು, ಪರದೆಯ ಮೇಲೆ ಆ ಕಡೆಗೆ ಹೋಗುವ ಚುಕ್ಕೆಗಳನ್ನೇ ಇನ್ನಷ್ಟು ಸುರಿದ ಹಾಗೆ.

ಕಾಲದುದ್ದಕ್ಕೂ ಕೂಡಿಸುವ ಲೆಕ್ಕ ನರವಿಜ್ಞಾನಿಗಳು ಹುಟ್ಟಿಸಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಗುಪ್ತಲಿಪಿ ಬಿಡಿಸುವ ಕೇಂದ್ರ ಬ್ಲೆಚ್ಲಿ ಪಾರ್ಕ್‌ನಲ್ಲಿ ಅಲನ್ ಟ್ಯೂರಿಂಗ್ ತಂಡ ಜರ್ಮನ್ನರ ಎನಿಗ್ಮಾ ಯಂತ್ರದ ಗುಪ್ತ ಸಂದೇಶಗಳ ಬಗೆಗಿನ ಊಹೆಗಳನ್ನು ತೂಗಲು ಪುರಾವೆಗೆ 'ಬ್ಯಾನ್' ಎಂಬ ಅಳತೆ ಇಟ್ಟುಕೊಂಡಿತ್ತು. ಅದಕ್ಕೆ ಬೇಕಾದ ಕಾಗದದ ಹಾಳೆಗಳು ಅಚ್ಚಾಗುತ್ತಿದ್ದ ಬ್ಯಾನ್ಬರಿ ಪಟ್ಟಣದಿಂದ ಬಂದ ಹೆಸರು ಅದು. ಒಂದೊಂದು ಸುಳಿವಿಗೂ ಅಂಕ ಕೊಟ್ಟು ಕೂಡಿಸುತ್ತ ಹೋಗುವುದು, ಮೊತ್ತ ಗಡಿ ಮುಟ್ಟಿದ ಕೂಡಲೇ ನಿಲ್ಲಿಸುವುದು. ಅದೇ ದಶಕದಲ್ಲಿ ಅಮೆರಿಕದಲ್ಲಿ ಅಬ್ರಹಾಂ ವಾಲ್ಡ್ ಇದನ್ನೇ ಸಂಖ್ಯಾಶಾಸ್ತ್ರವಾಗಿ ಬೆಳೆಸಿದರು. ಮನಃಶಾಸ್ತ್ರಜ್ಞ ರೋಜರ್ ರ‍್ಯಾಟ್‌ಕ್ಲಿಫ್ 1978ರಲ್ಲಿ ಮನುಷ್ಯರ ನೆನಪಿನ ಪ್ರಯೋಗಗಳಿಗೆ ಹೊಂದಿಸಿದ ಡಿಫ್ಯೂಷನ್ ಮಾದರಿಯೂ ಇದೇ ಬಳಗದ್ದು.

ಅಂಕಿಗಳನ್ನು ಹಾಕಿ ನೋಡದೆ ಈ ಮಾದರಿ ಅರ್ಥವಾಗುವುದಿಲ್ಲ. ಒಂದು ಗೆರೆ ಸೊನ್ನೆಯಿಂದ ಶುರುವಾಗುತ್ತದೆ. ಮೇಲೆ +0.7ರಲ್ಲಿ 'ಬಲ' ಗಡಿ, ಕೆಳಗೆ −0.7ರಲ್ಲಿ 'ಎಡ' ಗಡಿ. ಪ್ರತಿ ಸೆಕೆಂಡಿಗೆ ಗೆರೆ ಸರಾಸರಿ 15 ಗುಣಿಸು ಕೊಹೆರೆನ್ಸ್‌ನಷ್ಟು ಮೇಲಕ್ಕೆ ಸರಿಯುತ್ತದೆ (12.8% ಎಂದರೆ 0.128 ಎಂದು ಹಿಡಿದು), ಜೊತೆಗೆ ಸೆಕೆಂಡಿಗೆ 1ರಷ್ಟು ವೇರಿಯನ್ಸ್ (ಹರಡುವಿಕೆಯ ಅಳತೆ) ಇರುವ ಗದ್ದಲ ಅದನ್ನು ಅತ್ತಿತ್ತ ಕುಲುಕುತ್ತದೆ. 15, 0.7 ಎರಡೂ ತೋರಿಸುವುದಕ್ಕಾಗಿ ಆರಿಸಿದ ಸಂಖ್ಯೆಗಳು, ಆದರೆ ವಾಸ್ತವದಿಂದ ದೂರವಿಲ್ಲ. ಕೊಹೆರೆನ್ಸ್ 51.2% ಇದ್ದಾಗ ತೀರ್ಮಾನಕ್ಕೆ ಸರಾಸರಿ 0.09 ಸೆಕೆಂಡ್, ತಪ್ಪು ಹೆಚ್ಚುಕಡಿಮೆ ಇಲ್ಲ. 12.8% ಇದ್ದಾಗ 0.32 ಸೆಕೆಂಡ್, 94% ಸರಿ. 3.2% ಇದ್ದಾಗ 0.47 ಸೆಕೆಂಡ್, 66% ಸರಿ. ಸೊನ್ನೆ ಇದ್ದಾಗ 0.49 ಸೆಕೆಂಡ್, ಅರ್ಧಕ್ಕರ್ಧ. ಕಣ್ಣಿನಿಂದ ಸುದ್ದಿ ಬರಲು, ಕಣ್ಣು ಹೊರಳಲು ತಗಲುವ ಸುಮಾರು 0.35 ಸೆಕೆಂಡ್ ಸೇರಿಸಿದರೆ ಸುಲಭದ ಚಿತ್ರಕ್ಕೆ 0.44, ಕಷ್ಟದ್ದಕ್ಕೆ 0.8 ಚಿಲ್ಲರೆ ಸೆಕೆಂಡ್ ಆಯಿತು. ತರಬೇತಾದ ಕೋತಿಗಳ ವೇಗವೂ ಇದರ ಆಸುಪಾಸಿನದೇ.

ಈಗ ಗಡಿಯನ್ನು 0.7ರಿಂದ 1ಕ್ಕೆ ಸರಿಸಿ. 3.2% ಚಿತ್ರಕ್ಕೆ ಸಮಯ 0.47ರಿಂದ 0.93 ಸೆಕೆಂಡಿಗೆ, ಅಂದರೆ ಎರಡು ಪಟ್ಟು ಏರುತ್ತದೆ. ಸರಿಯುತ್ತರ ಮಾತ್ರ 66ರಿಂದ 72ಕ್ಕೆ ಏರಿ ನಿಲ್ಲುತ್ತದೆ. ನಿಧಾನವೇ ಪ್ರಧಾನ ಎನ್ನುವುದಕ್ಕೆ ಇಲ್ಲಿ ಕೊಡಬೇಕಾದ ಬೆಲೆ ಇಷ್ಟು. ರಸದ ಗುಟುಕುಗಳನ್ನು ಎಣಿಸಿ ನೋಡಿದರೆ, ಕಷ್ಟದ ಚಿತ್ರದ ಮುಂದೆ ತುಂಬ ಹೊತ್ತು ಕೂರುವುದು ನಷ್ಟದ ವ್ಯಾಪಾರ.

ಇದನ್ನು ಕಂಪ್ಯೂಟರಿನಲ್ಲಿ ಬರೆಯುವವರು ಎಡವುವ ಜಾಗ ಒಂದೇ. ಹೆಜ್ಜೆಯ ಅಳತೆ 1 ಮಿಲಿಸೆಕೆಂಡ್ ಇಟ್ಟರೆ ಸರಿತವನ್ನು, ಅಂದರೆ ಗೆರೆಯ ಸರಾಸರಿ ಏರನ್ನು, 0.001ರಿಂದ ಗುಣಿಸಬೇಕು, ಗದ್ದಲವನ್ನು ಅದರ ವರ್ಗಮೂಲ 0.0316ರಿಂದ. ಎರಡನ್ನೂ 0.001ರಿಂದ ಗುಣಿಸಿದರೆ ಗದ್ದಲ ಸತ್ತೇಹೋಗುತ್ತದೆ: 3.2% ಚಿತ್ರಕ್ಕೆ ಪ್ರತಿ ಸಲವೂ ಸುಮಾರು 1.46 ಸೆಕೆಂಡ್, ಪ್ರತಿ ಸಲವೂ ಸರಿ. ನಿಮ್ಮ ಪ್ರೋಗ್ರಾಮಿನ ಕೋತಿ ತಪ್ಪೇ ಮಾಡುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಈ ಸಾಲನ್ನು. ಹೆಜ್ಜೆಯನ್ನು 10 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ ಇನ್ನೊಂದು ಸಣ್ಣ ಮೋಸ. ಎರಡು ಹೆಜ್ಜೆಗಳ ನಡುವೆ ಗೆರೆ ಗಡಿ ದಾಟಿ ವಾಪಸ್ ಬಂದದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಗಡಿ 0.7ರ ಬದಲು ಸುಮಾರು 0.76ರಲ್ಲಿ ಇದ್ದಂತೆ ಉತ್ತರ ಬರುತ್ತದೆ.

ಕಾಗದದ ಮೇಲಿನ ಈ ಗೆರೆಯನ್ನು ನರಕೋಶಗಳಲ್ಲಿ ಕಂಡದ್ದು ಎಲ್‌ಐಪಿ ಎಂಬ ಪ್ರದೇಶದಲ್ಲಿ, ಮೆದುಳಿನ ಪೆರೈಟಲ್ (ನೆತ್ತಿಯ ಹಿಂಬದಿಯ) ಭಾಗದ ಒಂದು ಮಡಿಕೆಯೊಳಗೆ. ಜೇಮೀ ರೋಯ್ಟ್‌ಮನ್ ಮತ್ತು ಮೈಕಲ್ ಶ್ಯಾಡ್ಲನ್ 2002ರಲ್ಲಿ ಎರಡು ಕೋತಿಗಳ 54 ಕೋಶಗಳ ದಾಖಲೆ ಪ್ರಕಟಿಸಿದರು. ಚುಕ್ಕೆಗಳು ಶುರುವಾದ ಮೇಲೆ ಸುಮಾರು 200 ಮಿಲಿಸೆಕೆಂಡ್ ಏನೂ ತಿಳಿಯುವುದಿಲ್ಲ, ಬದಲಿಗೆ ಚಟುವಟಿಕೆ ಒಂದು ಸಲ ತಗ್ಗಿ ಏಳುತ್ತದೆ. ಆಮೇಲೆ ಗೆರೆಗಳು ಕವಲೊಡೆಯುತ್ತವೆ. ಕೊಹೆರೆನ್ಸ್ ಹೆಚ್ಚಿದ್ದರೆ ಕಡಿದಾದ ಏರು, ಕಡಿಮೆಯಿದ್ದರೆ ನಿಧಾನದ ಏರು. ಕಣ್ಣು ಹೊರಳಿದ ಕ್ಷಣಕ್ಕೆ ಎಲ್ಲ ದಾಖಲೆಗಳನ್ನೂ ಜೋಡಿಸಿ ನೋಡಿದರೆ ಎಲ್ಲ ಗೆರೆಗಳೂ ಒಂದೇ ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 70 ಸ್ಪೈಕ್‌ಗಳ ಹತ್ತಿರ, ಬಂದು ಸೇರುತ್ತವೆ. ಸುಲಭವೋ ಕಷ್ಟವೋ, ಹೊಸ್ತಿಲು ಅದೇ.

ಇದಕ್ಕೆ ಆರು ವರ್ಷ ಮೊದಲು, 1996ರಲ್ಲಿ, ಹೇನ್ಸ್ ಮತ್ತು ಷಾಲ್ ಮೆದುಳಿನ ಮುಂಭಾಗದ ಕಣ್ಣಿನ ಕ್ಷೇತ್ರದಲ್ಲೂ ಇಂಥದೇ ಒಂದನ್ನು ಕಂಡಿದ್ದರು: ಕಣ್ಣು ಬೇಗ ಹೊರಳಿದರೂ ತಡವಾಗಿ ಹೊರಳಿದರೂ ಹೊಸ್ತಿಲು ಬದಲಾಗದು, ಅದನ್ನು ತಲುಪುವ ವೇಗ ಬದಲಾಗುತ್ತದೆ. ಷಾಲ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಆದಿತ್ಯ ಮೂರ್ತಿ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಕಣ್ಣಿನ ಚಲನೆಯ ತೀರ್ಮಾನಗಳನ್ನೇ ಅಧ್ಯಯನ ಮಾಡುತ್ತಾರೆ.

ಇನ್ನು ಕಷ್ಟದ ಪ್ರಶ್ನೆ. ಒಂದು ನರಕೋಶದ ಪೊರೆಯ ನೆನಪು 20 ಮಿಲಿಸೆಕೆಂಡ್ ಆಸುಪಾಸು; ಆಮೇಲೆ ಒಳಗೆ ಬಂದದ್ದೆಲ್ಲ ಸೋರಿಹೋಗುತ್ತದೆ. ತೂತು ಕೊಡದಲ್ಲಿ ಒಂದು ಸೆಕೆಂಡಿನ ಪುರಾವೆ ತುಂಬಿಡುವುದು ಹೇಗೆ? ಒಂಟಿ ಕೋಶಕ್ಕೆ ಇದು ಸಾಧ್ಯವಿಲ್ಲ, ಜಾಲಕ್ಕೆ ಸಾಧ್ಯ. ಕೋಶಗಳು ಒಂದನ್ನೊಂದು ಎಬ್ಬಿಸುತ್ತಿದ್ದರೆ ಸೋರಿದ್ದನ್ನು ಮತ್ತೆ ತುಂಬುತ್ತಿರುತ್ತವೆ. ಸೋರಿದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ವಾಪಸ್ ಬಂದರೆ 100 ಮಿಲಿಸೆಕೆಂಡಿನ ನೆನಪು 1 ಸೆಕೆಂಡಿಗೆ ಹಿಗ್ಗುತ್ತದೆ. ನೂರಕ್ಕೆ 95 ಬಂದರೆ 2 ಸೆಕೆಂಡಿಗೆ. ನೂರಕ್ಕೆ 105 ಬಂದರೆ ಕೊಡ ತಾನಾಗಿಯೇ ಉಕ್ಕುತ್ತದೆ. ಈ ನಾಜೂಕೇ ಜಾಲದ ದೊಡ್ಡ ತಲೆನೋವು. ಲೆಕ್ಕದಲ್ಲಿ 100 ಮಿಲಿಸೆಕೆಂಡ್ ಎಲ್ಲಿಂದ ಬಂತೆಂದರೆ ಎನ್‌ಎಮ್‌ಡಿಎ ಎಂಬ ಗ್ರಾಹಿಯಿಂದ, ಅಂದರೆ ಕೋಶದ ಪೊರೆಯಲ್ಲಿ ಸುದ್ದಿ ಹಿಡಿಯುವ ಪುಟ್ಟ ಬಾಗಿಲಿನಿಂದ. ಅದು ಒಮ್ಮೆ ತೆರೆದರೆ ಮುಚ್ಚಲು ಸುಮಾರು ಅಷ್ಟು ಹೊತ್ತು ಹಿಡಿಯುತ್ತದೆ. ಅದರ ಪಕ್ಕದ ಆಂಪಾ ಗ್ರಾಹಿ 2 ಮಿಲಿಸೆಕೆಂಡಿನಲ್ಲಿ ಮುಚ್ಚುತ್ತದೆ.

ಷಿಯಾವೊ-ಜಿಂಗ್ ವಾಂಗ್ 2002ರಲ್ಲಿ ಕಟ್ಟಿದ ಜಾಲ ಇಂದಿಗೂ ಈ ಕ್ಷೇತ್ರದ ಮಾದರಿ ಅಡುಗೆ. ಒಟ್ಟು 2000 ಕೋಶಗಳು: ಉದ್ರೇಕಿಸುವ 1600, ತಡೆಯುವ 400. ಉದ್ರೇಕಿಸುವವರಲ್ಲಿ 240 ಕೋಶಗಳು 'ಬಲ' ಪಕ್ಷ, 240 'ಎಡ' ಪಕ್ಷ, ಉಳಿದ 1120 ಯಾವ ಪಕ್ಷಕ್ಕೂ ಸೇರದವು. ಒಂದೇ ಪಕ್ಷದೊಳಗಿನ, ಕೋಶದಿಂದ ಕೋಶಕ್ಕೆ ಸುದ್ದಿ ದಾಟಿಸುವ ಸೈನಾಪ್ಸ್‌ಗಳು ಸಾಮಾನ್ಯಕ್ಕಿಂತ 1.7 ಪಟ್ಟು ಗಟ್ಟಿ. ಆಚೆಯಿಂದ ಪಕ್ಷದೊಳಕ್ಕೆ ಬರುವವು 0.88 ಪಟ್ಟು, ಸ್ವಲ್ಪ ಸಡಿಲ. ತಡೆಯುವ 400 ಕೋಶಗಳು ಎಲ್ಲರಿಂದಲೂ ಕೇಳಿಸಿಕೊಂಡು ಎಲ್ಲರಿಗೂ ಬ್ರೇಕ್ ಹಾಕುತ್ತವೆ. ಎರಡು ಪಕ್ಷಗಳೂ ನೇರ ಜಗಳಕ್ಕೆ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. 'ಬಲ' ಜೋರಾದರೆ ಸಾಮೂಹಿಕ ಬ್ರೇಕು ಬಿಗಿಯಾಗುತ್ತದೆ, ಆ ಬ್ರೇಕಿಗೆ ಮೊದಲು ಉಸಿರುಗಟ್ಟುವುದು ಆಗಲೇ ಹಿಂದುಳಿದಿದ್ದ 'ಎಡ'. ಎಡ ಇಳಿದಷ್ಟೂ ಬಲಕ್ಕೆ ಮೈದಾನ ಖಾಲಿ. ಎಣಿಸಿ ಘೋಷಿಸಲು ಚುನಾವಣಾಧಿಕಾರಿ ಯಾರೂ ಇಲ್ಲ.

2000 ಕೋಶಗಳನ್ನು ಲ್ಯಾಪ್‌ಟಾಪಿನಲ್ಲಿ ಓಡಿಸುವ ತಾಳ್ಮೆ ಇಲ್ಲದವರಿಗೆ ವಾಂಗ್ ಮತ್ತು ಕಾಂಗ್-ಫ್ಯಾಟ್ ವೊಂಗ್ 2006ರಲ್ಲಿ ಇಡೀ ಜಾಲವನ್ನು ಎರಡೇ ಸಂಖ್ಯೆಗಳಿಗೆ ಭಟ್ಟಿ ಇಳಿಸಿಕೊಟ್ಟರು: ಒಂದೊಂದು ಪಕ್ಷದಲ್ಲಿ ತೆರೆದಿರುವ ಎನ್‌ಎಮ್‌ಡಿಎ ಬಾಗಿಲುಗಳ ಪಾಲು. ಎರಡನ್ನೂ 0.1ರಿಂದ ಶುರು ಮಾಡಿ. ಪ್ರತಿ 0.5 ಮಿಲಿಸೆಕೆಂಡಿಗೆ ಹೀಗೆ ಮಾಡುತ್ತ ಹೋಗಿ. ಮೊದಲು ಪಕ್ಷಕ್ಕೆ ಬರುವ ಕರೆಂಟ್, ನ್ಯಾನೊಆಂಪಿಯರ್‌ನಲ್ಲಿ: ತನ್ನ ಪಾಲಿನ 0.2609 ಪಟ್ಟು, ಕಳೆ ಎದುರಾಳಿಯ ಪಾಲಿನ 0.0497 ಪಟ್ಟು, ಕೂಡು ಹಿನ್ನೆಲೆಯ 0.3255, ಕೂಡು ಚುಕ್ಕೆಗಳಿಂದ ಬರುವ 0.0156, ಕೂಡು ಗದ್ದಲ. ಚುಕ್ಕೆಗಳ ಆ 0.0156ನ್ನು ಗೆಲ್ಲಬೇಕಾದ ಪಕ್ಷಕ್ಕೆ 1 ಕೂಡು ಕೊಹೆರೆನ್ಸ್‌ನಿಂದ, ಇನ್ನೊಂದಕ್ಕೆ 1 ಕಳೆ ಕೊಹೆರೆನ್ಸ್‌ನಿಂದ ಗುಣಿಸಿ, 12.8% ಇದ್ದರೆ 0.0176 ಮತ್ತು 0.0136. ಇಷ್ಟು ಪುಟ್ಟ ವ್ಯತ್ಯಾಸದ ಮೇಲೆ ಇಡೀ ಆಟ ನಿಂತಿದೆ.

ಕರೆಂಟನ್ನು 270ರಿಂದ ಗುಣಿಸಿ 108 ಕಳೆಯಿರಿ. ಬಂದದ್ದು x ಎನ್ನಿ. e ಎಂಬ ಸಂಖ್ಯೆಯ −0.154x ಘಾತವನ್ನು 1ರಿಂದ ಕಳೆದು, ಉಳಿದದ್ದರಿಂದ xನ್ನು ಭಾಗಿಸಿ. ಅದು ಪಕ್ಷದ ಸ್ಪೈಕ್ ವೇಗ, ಸೆಕೆಂಡಿಗೆ. ಬಾಗಿಲುಗಳ ಪಾಲು ಬದಲಾಗುವ ವೇಗ ಎಷ್ಟೆಂದರೆ, ಇನ್ನೂ ಮುಚ್ಚಿರುವ ಪಾಲು ಗುಣಿಸು 0.641 ಗುಣಿಸು ಸ್ಪೈಕ್ ವೇಗ, ಅದರಲ್ಲಿ ಕಳೆ ತೆರೆದ ಪಾಲು ಭಾಗಿಸು 0.1 ಸೆಕೆಂಡ್. ಗದ್ದಲಕ್ಕೆ 2 ಮಿಲಿಸೆಕೆಂಡಿನ ನೆನಪು, 0.02 ನ್ಯಾನೊಆಂಪಿಯರ್ ಬಲ: ಪ್ರತಿ ಹೆಜ್ಜೆಗೂ ಹಿಂದಿನ ಗದ್ದಲದ ಕಾಲು ಭಾಗ ಕಳೆದು, 0.01 ಗುಣಿಸು ಹೊಸ ಯಾದೃಚ್ಛಿಕ ಸಂಖ್ಯೆ ಕೂಡಿಸಿ, ಎರಡು ಪಕ್ಷಕ್ಕೂ ಬೇರೆಬೇರೆಯಾಗಿ. ಯಾರ ವೇಗ ಮೊದಲು 15 ಹರ್ಟ್ಸ್ ದಾಟುತ್ತದೋ ಅವರು ಗೆದ್ದರು.

ಓಡಿಸಿದ ಮೇಲೆ ಕೆಡಿಸಿ ನೋಡಬೇಕು, ಪಾಠ ಇರುವುದು ಅಲ್ಲೇ. 0.0497ನ್ನು ಸೊನ್ನೆ ಮಾಡಿ: ಎರಡೂ ಪಕ್ಷಗಳು ಒಟ್ಟಿಗೇ ಏರಿ ಎರಡೂ ಗೆಲ್ಲುತ್ತವೆ. ಹೀಗಾದರೆ ಕಣ್ಣು ಯಾವ ಕಡೆ ಹೊರಳಬೇಕು? 0.2609ನ್ನು ಮೆಲ್ಲಗೆ ಇಳಿಸುತ್ತ ಹೋಗಿ: ಚುಕ್ಕೆಗಳನ್ನು ಆರಿಸಿದ ಕೂಡಲೇ ಜಾಲ ತಾನು ಗೆಲ್ಲಿಸಿದ್ದು ಯಾರನ್ನು ಎಂಬುದನ್ನೇ ಮರೆಯುವ ಹಂತ ಬರುತ್ತದೆ. ಮೆಲ್ಲಗೆ ಏರಿಸಿ: ಚುಕ್ಕೆ ಮೂಡುವ ಮೊದಲೇ ಯಾವುದೋ ಒಂದು ಪಕ್ಷ ಚಂಗನೆ ನೆಗೆದು ಗೆದ್ದುಬಿಡುತ್ತದೆ. 0.1 ಸೆಕೆಂಡನ್ನು 0.005 ಮಾಡಿ, ಅದರ ಜೊತೆಗೆ 0.641ನ್ನು 20 ಪಟ್ಟು ಏರಿಸಿ (ಇಲ್ಲದಿದ್ದರೆ ಜಾಲ ಏಳುವುದೇ ಇಲ್ಲ): ನಿಧಾನದ ಬಾಗಿಲುಗಳನ್ನು ಕಿತ್ತು ಚುರುಕಿನವನ್ನು ಕೂರಿಸಿದ ಹಾಗಾಯಿತು. ತೀರ್ಮಾನ ತಟ್ಟನೆ ಬರುತ್ತದೆ, ತಪ್ಪುಗಳೂ ಹೆಚ್ಚುತ್ತವೆ, ಏಕೆಂದರೆ ಕೂಡಿಸಲು ಹೊತ್ತೇ ಸಿಗಲಿಲ್ಲ. ಇವು ನೀವಾಗಿ ಮಾಡುವ ಕಿತಾಪತಿ. ನಿಮಗೆ ಗೊತ್ತಿಲ್ಲದೆ ಆಗುವವು ಎರಡು. ಕರೆಂಟ್ ಸರಿಯಾಗಿ 0.4 ಆದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗಿ ಪ್ರೋಗ್ರಾಂ ಬೀಳುತ್ತದೆ. ಸಮಯವನ್ನು ಮಿಲಿಸೆಕೆಂಡಿನಲ್ಲಿಟ್ಟು ಸ್ಪೈಕ್ ವೇಗವನ್ನು ಸೆಕೆಂಡಿನ ಲೆಕ್ಕದಲ್ಲೇ ಬಿಟ್ಟರೆ ಎರಡು ಪಾಲುಗಳೂ ಮೊದಲ ಕೆಲವು ಹೆಜ್ಜೆಗಳಲ್ಲೇ ಕಟ್ಟಕಡೆಗೆ ಹೋಗಿ ಅಂಟಿಕೊಳ್ಳುತ್ತವೆ.

ಇಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟು. ಇನ್ನು ಮುಂದೆ ಅಲ್ಲ. ಎಲ್‌ಐಪಿಯ ಏರುಗೆರೆ ಪಠ್ಯಪುಸ್ತಕಗಳಿಗೆ ತಲುಪಿ 'ತೀರ್ಮಾನದ ಕೇಂದ್ರ' ಎಂಬ ಬಿರುದು ಪಡೆದದ್ದು ಅವಸರದ ಕೆಲಸ. ಅದರ ಮೇಲೆ ಎರಡು ಪೆಟ್ಟು ಬಿದ್ದವು.

ಮೊದಲನೆಯದು ಸರಾಸರಿಯ ಮೋಸ. ನೂರು ಸಲದ ದಾಖಲೆಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದಾಗ ನಯವಾದ ಏರು ಕಂಡಿತು. ಒಂದೊಂದು ಸಲವೂ ಕೋಶ ಹಾಗೆಯೇ ಏರಿತೇ? ಪ್ರತಿ ಸಲ ಒಂದೇ ಮೆಟ್ಟಿಲು ಚಂಗನೆ ಹತ್ತಿ, ಹತ್ತುವ ಕ್ಷಣ ಮಾತ್ರ ಸಲಕ್ಕೊಂದು ಹಾಗೆ ಬದಲಾದರೂ ಸರಾಸರಿ ಇದೇ ನಯವಾದ ಏರನ್ನು ಕೊಡುತ್ತದೆ. ಲ್ಯಾಟಿಮರ್ ಮತ್ತು ಸಂಗಡಿಗರು 2015ರಲ್ಲಿ ಈ ಪ್ರಶ್ನೆ ಎತ್ತಿ, ಹಲವು ಎಲ್‌ಐಪಿ ಕೋಶಗಳಿಗೆ ಮೆಟ್ಟಿಲಿನ ವಿವರಣೆಯೇ ಹೆಚ್ಚು ಒಪ್ಪುತ್ತದೆ ಎಂದರು. ದೊಡ್ಡ ಜಗಳವೇ ಆಯಿತು. ಕೋಶಗಳನ್ನು ಒಂದೊಂದಾಗಿ ನೋಡಿ ಇದನ್ನು ಬಗೆಹರಿಸುವುದು ಕಷ್ಟ, ಏಕೆಂದರೆ ಅರ್ಧ ಸೆಕೆಂಡಿನಲ್ಲಿ ಒಂದು ಕೋಶ ಹೊಡೆಯುವುದು ಹತ್ತಿಪ್ಪತ್ತು ಸ್ಪೈಕ್. ನೂರಾರು ಕೋಶಗಳನ್ನು ಒಟ್ಟಿಗೆ ಕೇಳುವ ನ್ಯೂರೊಪಿಕ್ಸೆಲ್ಸ್ ಎಲೆಕ್ಟ್ರೋಡ್ ಬಂದ ಮೇಲೆ ಶ್ಯಾಡ್ಲನ್ ತಂಡ ಒಂದೊಂದು ಸಲದ ಗೆರೆಯನ್ನೇ ನೋಡಿತು. ಅಲ್ಲಿ ಕಂಡದ್ದು ಡಿಫ್ಯೂಷನ್ ಮಾದರಿ ಹೇಳುವಂಥ ತಡವರಿಸುವ ಏರು. ಏರಿನ ಕಡೆಗೇ ತಕ್ಕಡಿ ವಾಲಿದೆ ಎನ್ನಬಹುದು.

ಎರಡನೇ ಪೆಟ್ಟು ಇನ್ನೂ ಜೋರು. 2016ರಲ್ಲಿ ಕಾಟ್ಜ್, ಯೇಟ್ಸ್, ಪಿಲ್ಲೊ, ಹುಕ್ ಅವರು ಮಸ್ಸಿಮಾಲ್ ಎಂಬ ಔಷಧಿ ಬಿಟ್ಟು ಕೋಶಗಳನ್ನು ಕೆಲವು ಗಂಟೆ ಮಲಗಿಸಿದರು. ಎಂಟಿಯನ್ನು ಮಲಗಿಸಿದಾಗ ಕೋತಿ ಚಲನೆಯ ತೀರ್ಮಾನದಲ್ಲಿ ಮುಗ್ಗರಿಸಿತು. ಎಲ್‌ಐಪಿಯನ್ನು ಮಲಗಿಸಿದಾಗ? ಆಟ ಹೆಚ್ಚುಕಡಿಮೆ ಮೊದಲಿನಂತೆಯೇ ನಡೆಯಿತು. ಅಷ್ಟು ಚೆಂದದ ಗೆರೆ ಬರೆಯುತ್ತಿದ್ದ ಜಾಗ ಇಲ್ಲದೆಯೂ ತೀರ್ಮಾನ ಆಗುತ್ತದೆ ಎಂದಾಯಿತು! ಆಮೇಲೆ ಬಂದ ಪ್ರಯೋಗಗಳು ಇದನ್ನು ಸ್ವಲ್ಪ ಮೆತ್ತಗಾಗಿಸಿದವು. 2019ರಲ್ಲಿ ಝೌ ಮತ್ತು ಫ್ರೀಡ್‌ಮನ್, ಚಿತ್ರವನ್ನು ಮಲಗಿಸಿದ ಕೋಶಗಳ ದೃಷ್ಟಿಯೊಳಗೇ ಇಟ್ಟರೆ ತೀರ್ಮಾನ ಕೆಡುತ್ತದೆ ಎಂದು ತೋರಿಸಿದರು. 2022ರಲ್ಲಿ ಯೂರಿಸನ್ ಮತ್ತು ಸಂಗಡಿಗರು, ಶುರುವಿನಲ್ಲಿ ಉತ್ತರ ಒಂದು ಬದಿಗೆ ಓರೆಯಾಗುತ್ತದೆ, ಆದರೆ ಮೆದುಳು ಅದನ್ನು ಬೇಗ ಸರಿದೂಗಿಸಿಕೊಳ್ಳುತ್ತದೆ ಎಂದು ಕಂಡರು. ಪಕ್ಕದ ರಸ್ತೆಗಳಿದ್ದರೆ ಮುಖ್ಯರಸ್ತೆ ಬಂದ್ ಆದರೂ ಊರು ನಿಲ್ಲುವುದಿಲ್ಲ. ಹಾಗೆಂದು ಮುಖ್ಯರಸ್ತೆಯಲ್ಲಿ ಗಾಡಿ ಓಡುತ್ತಿರಲಿಲ್ಲ ಎನ್ನಲಾಗದು. ನನಗೆ ಕಾಣುವ ಮಟ್ಟಿಗೆ, ಲೆಕ್ಕದ ಪುಸ್ತಕದ ಪ್ರತಿಗಳು ಹಲವು ಕಡೆ ಇವೆ, ಎಲ್‌ಐಪಿಯದು ಅದರಲ್ಲಿ ಓದಲು ಸುಲಭವಾದ ಪ್ರತಿ.

ಹೆಗ್ಗಣಗಳಲ್ಲೂ ಇದೇ ಕಥೆ. ಬ್ರಂಟನ್, ಬೊಟ್ವಿನಿಕ್, ಬ್ರೋಡಿ 2013ರಲ್ಲಿ ಅವಕ್ಕೆ ಎಡಗಿವಿಗೂ ಬಲಗಿವಿಗೂ ಟಿಕ್ ಟಿಕ್ ಶಬ್ದ ಕೇಳಿಸಿ, ಯಾವ ಕಡೆ ಹೆಚ್ಚು ಬಂತು ಎಂದು ಕೇಳಿದರು. ಲೆಕ್ಕ ಹಾಕಿ ನೋಡಿದರೆ ಹೆಗ್ಗಣದ ನೆನಪಿನ ಕೊಡ ಸೋರುತ್ತಲೇ ಇರಲಿಲ್ಲ. ತಪ್ಪುಗಳು ಬರುತ್ತಿದ್ದುದು ಶಬ್ದ ಒಳಗೆ ಬರುವ ಹಂತದಲ್ಲಿ, ಕೂಡಿಡುವ ಹಂತದಲ್ಲಲ್ಲ.

ಕೂಡಿಸುವುದು ಒಂದು ಕೆಲಸ, 'ಸಾಕು' ಎನ್ನುವುದು ಬೇರೆಯದೇ ಕೆಲಸ. ಡಿಫ್ಯೂಷನ್ ಮಾದರಿಯಲ್ಲಿ ಗಡಿ ಎಂದರೆ ಒಂದು ಗೀಟು ಅಷ್ಟೆ. ಮೆದುಳಿನಲ್ಲಿ ಆ ಗೀಟನ್ನು ಯಾರಾದರೂ ಕಾಯಬೇಕು. ನಡುಮೆದುಳಿನ ಸುಪೀರಿಯರ್ ಕಾಲಿಕ್ಯುಲಸ್ ಇದಕ್ಕೆ ಒಳ್ಳೆಯ ಅಭ್ಯರ್ಥಿ. ಸ್ಟೈನ್ ಮತ್ತು ಸಂಗಡಿಗರು 2023ರಲ್ಲಿ ಎಲ್‌ಐಪಿ ಮತ್ತು ಕಾಲಿಕ್ಯುಲಸ್ ಎರಡನ್ನೂ ಒಟ್ಟಿಗೆ ದಾಖಲಿಸಿದರು. ಎಲ್‌ಐಪಿಯಲ್ಲಿ ತಡವರಿಸುವ ಏರು ನಡೆಯುತ್ತಿರುವಾಗ ಕಾಲಿಕ್ಯುಲಸ್ ಬಹುಪಾಲು ಸುಮ್ಮನಿದ್ದು, ಏರು ಹೊಸ್ತಿಲ ಹತ್ತಿರ ಬಂದಾಗ ಒಮ್ಮೆಲೇ ಸಿಡಿಯುತ್ತದೆ. ಕಾಲಿಕ್ಯುಲಸನ್ನು ಮಲಗಿಸಿದರೆ ತೀರ್ಮಾನಗಳು ತಡವಾಗುತ್ತವೆ.

ಆ ಗಡಿಯನ್ನು ತಾತ್ಕಾಲಿಕವಾಗಿ ಎತ್ತರಿಸುವ ಕೈ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾದ ಸಬ್‌ಥಲಾಮಿಕ್ ಗುಂಪಿನದು ಎಂಬುದಕ್ಕೆ ಪಾರ್ಕಿನ್ಸನ್ ರೋಗಿಗಳಿಂದ ಸುಳಿವು ಸಿಕ್ಕಿತು. ನಡುಕ ತಗ್ಗಿಸಲು ಆ ಜಾಗಕ್ಕೆ ತಂತಿ ಇಟ್ಟು ಕರೆಂಟ್ ಕೊಡುವ ಚಿಕಿತ್ಸೆ ಇದೆ. ಎರಡು ಆಯ್ಕೆಗಳೂ ಸಮಸಮ ಚೆನ್ನಾಗಿದ್ದಾಗ ಸಾಮಾನ್ಯರು ತುಸು ತಡೆಯುತ್ತಾರೆ. ಮೈಕಲ್ ಫ್ರಾಂಕ್ ಮತ್ತು ಸಂಗಡಿಗರು 2007ರಲ್ಲಿ ನೋಡಿದಂತೆ, ಕರೆಂಟ್ ಹರಿಯುತ್ತಿರುವಾಗ ಈ ರೋಗಿಗಳು ತಡೆಯುವುದಿಲ್ಲ. ಅಂಥ ಇಕ್ಕಟ್ಟಿನಲ್ಲೇ ಇನ್ನೂ ಬೇಗ ಉತ್ತರ ಕೊಟ್ಟುಬಿಡುತ್ತಾರೆ. ಬ್ರೇಕಿನ ತಂತಿ ಸಡಿಲವಾಗಿದೆ.

2025ರಲ್ಲಿ ಇಂಟರ್‌ನ್ಯಾಷನಲ್ ಬ್ರೈನ್ ಲ್ಯಾಬೊರೇಟರಿ ಎಂಬ ಒಕ್ಕೂಟ ಒಂದೇ ಆಟವನ್ನು 12 ಪ್ರಯೋಗಾಲಯಗಳಲ್ಲಿ 139 ಇಲಿಗಳಿಗೆ ಆಡಿಸಿ, 279 ಮೆದುಳಿನ ಪ್ರದೇಶಗಳ 6 ಲಕ್ಷಕ್ಕೂ ಹೆಚ್ಚು ನರಕೋಶಗಳ ದಾಖಲೆ ಪ್ರಕಟಿಸಿತು. ಪರದೆಯ ಎಡಕ್ಕೋ ಬಲಕ್ಕೋ ಪಟ್ಟೆಗಳ ಚಿತ್ರ ಮೂಡುತ್ತದೆ, ಇಲಿ ಮುಂಗಾಲಿನಿಂದ ಪುಟ್ಟ ಚಕ್ರ ತಿರುಗಿಸಿ ಅದನ್ನು ನಡುವಿಗೆ ತರಬೇಕು. ಮೊದಲ 90 ಸಲ ಎರಡೂ ಬದಿಗೆ ಸಮಪಾಲು. ಆಮೇಲೆ ಸ್ವಲ್ಪ ಹೊತ್ತು ಒಂದು ಬದಿಗೆ 80, ಇನ್ನೊಂದಕ್ಕೆ 20, ಮತ್ತೆ ಅದಲುಬದಲು, ಸೂಚನೆ ಕೊಡದೆ. ಆಯ್ಕೆಯ ಗುರುತುಗಳು ಮೆದುಳಿನ ಉದ್ದಗಲಕ್ಕೂ ಸಿಕ್ಕಿದವು. 'ಈಗ ಎಡದ ಸರದಿ' ಎಂಬ ನಿರೀಕ್ಷೆ ಕೂಡ ಹಲವೆಡೆ ಸಿಕ್ಕಿತು, ದೃಷ್ಟಿಯ ಆರಂಭದ ಹಂತಗಳಲ್ಲೂ.

ಪಟ್ಟೆಗಳ ಕಾಂಟ್ರಾಸ್ಟ್ ಸೊನ್ನೆ ಇರುವ ಸರದಿಗಳೂ ಆ ಆಟದಲ್ಲಿವೆ. ಪರದೆ ಖಾಲಿ, ಆದರೂ ಇಲಿ ಚಕ್ರ ತಿರುಗಿಸಬೇಕು. ಇದನ್ನು ಮೇಲಿನ ಗೆರೆಯ ಪ್ರೋಗ್ರಾಮಿನಲ್ಲಿ ನೋಡಬೇಕೆಂದರೆ ಕೊಹೆರೆನ್ಸ್ ಸೊನ್ನೆ ಇಟ್ಟು, ಗೆರೆಯನ್ನು ಸೊನ್ನೆಯ ಬದಲು +0.2ರಿಂದ ಬಿಡಿ, ಗಡಿಗಳನ್ನು 0.7ರಲ್ಲೇ ಇರಿಸಿ. ಪುರಾವೆ ಒಂದು ಚೂರೂ ಇಲ್ಲದೆ ನೂರಕ್ಕೆ 64 ಸಲ 'ಬಲ' ಬರುತ್ತದೆ.